ಅಲ್ಗಾರ್ವ್‌ಗೆ ಹೊರಟವರಿಗೆ: ಮೊದಲು ನಿಫ್, ಆಮೇಲೆ ಸಮುದ್ರ

ಪೋರ್ಚುಗಲ್‌ನ ದಕ್ಷಿಣ ಕರಾವಳಿಯ ಅಲ್ಗಾರ್ವ್‌ನಲ್ಲಿ ನೆಲೆಸಲು ನಾನು ಹೊರಟಾಗ ಧಾರವಾಡದ ನಮ್ಮ ಕಾಕಾ ಕೇಳಿದ್ದು ಒಂದೇ ಮಾತು. "ಸಮುದ್ರ ನೋಡೂದಿದ್ರ ಕಾರವಾರಕ್ಕ ಹೋಗಪಾ, ಪೋರ್ಚುಗಲ್ ಯಾಕ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಒಮ್ಮೆ ರಜೆಯಲ್ಲಿ ಅಲ್ಲಿನ ಲಾಗೊಸ್ ಊರಿನ ಹಳದಿ ಬಂಡೆಗಳ ಕೆಳಗೆ ಕೂತು ಬಂದಿದ್ದೆ, ಅಷ್ಟೇ. ಆಮೇಲೆ ಹುಬ್ಬಳ್ಳಿಯಲ್ಲಿ ಬಸ್ಸಿಗೆ ಕಾಯುವಾಗಲೂ ಅದೇ ಗುಂಗು. ನಿಮಗೂ ಅದೇ ಹುಚ್ಚು ಹಿಡಿದಿದ್ದರೆ, ಅಥವಾ ಬಂದಿಳಿದು ಯಾವ ಕಚೇರಿಗೆ ಹೋಗಬೇಕೋ ತಿಳಿಯದಿದ್ದರೆ, ಮುಂದೆ ಓದಿ.

ವೀಸಾಕ್ಕೆ ನಮ್ಮಂಥವರಿಗೆ ಮುಖ್ಯವಾಗಿ ಎರಡು ದಾರಿ. ಪೆನ್ಷನ್, ಮನೆ ಬಾಡಿಗೆ, ಬಡ್ಡಿ ಬರುವವರಿಗೆ ಡಿ7. ಹೊರದೇಶದ ಕಂಪನಿಗೆ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ ಡಿ8. ಇದು ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. ಎರಡಕ್ಕೂ ಅಳತೆಗೋಲು ಅಲ್ಲಿನ ಕನಿಷ್ಠ ಸಂಬಳ. 2025ರಲ್ಲಿ ಅದು ತಿಂಗಳಿಗೆ 870 ಯೂರೊ ಇತ್ತು. ಡಿ7ಗೆ ಅಷ್ಟು ಆದಾಯ ತೋರಿಸಬೇಕು, ಜೊತೆಗೆ ಗಂಡ ಅಥವಾ ಹೆಂಡತಿ ಬಂದರೆ ಅದರ ಅರ್ಧ ಜಾಸ್ತಿ. ಡಿ8ಗೆ ನಾಲ್ಕು ಪಟ್ಟು, ಅಂದರೆ 2025ರ ಲೆಕ್ಕದಲ್ಲಿ 3,480. ಈ ಮೊತ್ತ ವರ್ಷವರ್ಷ ಏರುತ್ತಿದೆ, ಅರ್ಜಿ ಹಾಕುವಾಗ ಮತ್ತೆ ನೋಡಿಕೊಳ್ಳಿ.

ಪಾಸ್‌ಪೋರ್ಟಿನ ಮೇಲೆ ಅಂಟಿಸುವ ವೀಸಾ 120 ದಿನದ್ದು. ಅಷ್ಟರಲ್ಲಿ ವಲಸೆ ಬಂದವರ ಕಾಗದಪತ್ರ ನೋಡುವ ಸರ್ಕಾರಿ ಕಚೇರಿ ಐಮಾಕ್ಕೆ ಹೋಗಿ ವಾಸದ ಕಾರ್ಡಿಗೆ ಬೆರಳಚ್ಚು ಕೊಡಬೇಕು. ಮೊದಲ ಕಾರ್ಡು ಎರಡು ವರ್ಷಕ್ಕೆ. ಮೊದಲು ಈ ಕೆಲಸ ನೋಡುತ್ತಿದ್ದ ಸೆಫ್‌ಗೆ ಹೋಗಿ ಅಂತ ಯಾರಾದರೂ ಹೇಳಿದರೆ ಅವರ ಮಾಹಿತಿ ಹಳೆಯದು. ಅದು 2023ರ ಅಕ್ಟೋಬರ್‌ನಲ್ಲೇ ಮುಚ್ಚಿತು.

ಇನ್ನು ನಿಫ್. ಒಂಬತ್ತು ಅಂಕಿಯ ತೆರಿಗೆ ನಂಬರು. ನಮ್ಮ ಪ್ಯಾನ್ ಇದ್ದಂತೆ, ಆದರೆ ಇದರ ದರ್ಬಾರು ದೊಡ್ಡದು. ಬ್ಯಾಂಕು, ಕರೆಂಟು, ಮೊಬೈಲು, ಬಾಡಿಗೆ ಕರಾರು, ಎಲ್ಲಕ್ಕೂ ಬೇಕು. ಊರಲ್ಲಿ ಇರುವಾಗಲೇ ಪ್ರತಿನಿಧಿಯ ಮೂಲಕ ಮಾಡಿಸಬಹುದು. ಮೊದಲ ವಾರ ಅಂಗಡಿಯಲ್ಲಿ ಟೊಮೆಟೊ ತಗೊಂಡಾಗ ಕೌಂಟರಿನ ಹುಡುಗಿ "ಕೊಂತ್ರಿಬುಯಿಂತ್?" ಅಂದಳು. ಚೀಲ ಬೇಕಾ ಅಂತಿದ್ದಾಳೆ ಅಂದುಕೊಂಡು ನನ್ನ ಚೀಲ ಎತ್ತಿ ತೋರಿಸಿದೆ. ಅವಳು ಕೇಳಿದ್ದು ಬಿಲ್ಲಿಗೆ ಹಾಕಲು ನಿಫ್!

ನಿಜವಾದ ತಲೆನೋವು ಮನೆ. ಅಲ್ಗಾರ್ವ್‌ನಲ್ಲಿ ಅಕ್ಟೋಬರ್‌ನಿಂದ ಮೇವರೆಗೆ ಅಗ್ಗದಲ್ಲಿ ಮನೆ ಕೊಡುವವರು ಬಹಳ. ಜೂನ್ ಬಂತೆಂದರೆ ಟೂರಿಸ್ಟರಿಗೆ ವಾರದ ಲೆಕ್ಕದಲ್ಲಿ ಕೊಡಬೇಕಲ್ಲ, ನಿಮ್ಮ ಪೆಟ್ಟಿಗೆ ಹೊರಗೆ. ನನಗೂ ಹಾಗೇ ಆಯಿತು. ಅದಕ್ಕೇ ಹನ್ನೆರಡು ತಿಂಗಳ ಕರಾರು ಕೇಳಿ. ಮಾಲೀಕರು ಅದನ್ನು ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿದ ಪ್ರತಿಯನ್ನೂ ಕೇಳಿ. "ಕ್ಯಾಶ್ ಕೊಡಿ, ಕಾಗದ ಯಾಕೆ" ಅಂದವರ ಮನೆ ಎಷ್ಟೇ ಚೆನ್ನಾಗಿರಲಿ, ಬಿಡಿ. ಮನೆ ನೋಡುವಾಗ ಮೂಲೆಯ ಗೋಡೆ ಮುಟ್ಟಿ ನೋಡಿ. ಚಳಿಗಾಲದಲ್ಲಿ ಒಳಗೆ ಹೀಟರಿಲ್ಲದೆ ಗೋಡೆ ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ. ಧಾರವಾಡದ ಜುಲೈ ನೆನಪಾಗುತ್ತದೆ, ಬಟ್ಟೆಯ ವಾಸನೆ ಸಮೇತ.

ವಿಳಾಸದ ಪುರಾವೆಗೆ ಜುಂತಾ ದ ಫ್ರೆಗೆಜಿಯಾಕ್ಕೆ ಹೋಗಿ. ನಮ್ಮ ಗ್ರಾಮ ಪಂಚಾಯ್ತಿ ಅಂದುಕೊಳ್ಳಿ. ಅಲ್ಲಿನ ಇಬ್ಬರು ಮತದಾರರು ಇವರು ಇಲ್ಲೇ ಇರುತ್ತಾರೆ ಅಂತ ಸಹಿ ಹಾಕಿದರೆ ವಾಸದ ಪತ್ರ ಕೊಡುವ ಪದ್ಧತಿ ಇದೆ. ನನಗೆ ಸಹಿ ಹಾಕಿದ್ದು ದಿನಾ ಕಾಫಿ ಕೊಡುವಾತ ಮತ್ತು ಎದುರುಮನೆ ಅಜ್ಜಿ. ಅಜ್ಜಿ ಕನ್ನಡಕ ಮರೆತು ಬಂದಿದ್ದರು. ಮನೆಗೆ ಓಡಿ ನಾನೇ ತಂದುಕೊಟ್ಟೆ.