ಸರ್ಕ್ಯೂಟನ್ನು ಪ್ರಶ್ನಿಸುತ್ತಾ ಸ್ಕಿಲ್ ಕಲಿತೆ

ಸ್ಕಿಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದು: ಸರ್ಕ್ಯೂಟ್ ರಚಿಸುವ ಪ್ರೋಗ್ರಾಮಿಗೆ ಕೈ ಹಾಕಬೇಡಿ, ಈಗಾಗಲೇ ಇರುವ ಸರ್ಕ್ಯೂಟನ್ನು ಪ್ರಶ್ನೆ ಕೇಳಿ. ಪುಣೆಯ ಹಿಂಜವಡಿಯಲ್ಲಿ ಅನಲಾಗ್ ಚಿಪ್ ವಿನ್ಯಾಸದ ಕೆಲಸ ಮಾಡುತ್ತಾ ನಾನು ಕಲಿತದ್ದು ಹೀಗೆಯೇ.

ನಾವು ಬಳಸುವುದು ಕೇಡೆನ್ಸ್ ಕಂಪನಿಯ ವರ್ಚುಯೋಸೊ ಎಂಬ ಚಿಪ್ ವಿನ್ಯಾಸದ ತಂತ್ರಾಂಶ. ಅದರ ಒಳಗಿನ ಭಾಷೆ ಸ್ಕಿಲ್. ಜಾನ್ ಮೆಕಾರ್ಥಿ 1958ರಲ್ಲಿ ಆರಂಭಿಸಿದ, ಆವರಣಗಳೇ ತುಂಬಿರುವ ಲಿಸ್ಪ್ ಭಾಷೆಯ ವಂಶಕ್ಕೆ ಸೇರಿದ್ದು. ಟೇಪ್‌ಔಟ್, ಅಂದರೆ ಮುಗಿದ ವಿನ್ಯಾಸವನ್ನು ತಯಾರಿಕೆಗೆ ಕಳಿಸುವ ದಿನ, ಹತ್ತಿರ ಬಂತೆಂದರೆ ಒಂದೊಂದೇ ಟ್ರಾನ್ಸಿಸ್ಟರ್ ತೆರೆದು ಅಗಲ, ಉದ್ದಗಳನ್ನು ಪಟ್ಟಿ ಮಾಡಬೇಕಾಗುತ್ತಿತ್ತು. ಮನುಷ್ಯರ ಕಣ್ಣನ್ನು ಇದಕ್ಕೆ ಸವೆಸಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತಿತ್ತು.

ಲಿಸ್ಪ್‌ನ ಪಟ್ಟಿಗಳನ್ನು ನನಗೆ ತಿಳಿಸಿಕೊಟ್ಟವರು ಧಾರವಾಡದ ಕಡೆಯ ಹಿರಿಯ ಸಹೋದ್ಯೋಗಿ. ಊಟದ ಡಬ್ಬಿಯಲ್ಲಿದ್ದ ಜೋಳದ ರೊಟ್ಟಿಗಳನ್ನೇ ತೋರಿಸಿದರು: ಮೇಲಿನ ರೊಟ್ಟಿ ‘ಕಾರ್’, ಅದನ್ನು ತೆಗೆದರೆ ಉಳಿಯುವ ಅಡಕಲೇ ‘ಕುಡರ್’, ಡಬ್ಬಿ ಬರಿದಾದರೆ ‘ನಿಲ್’. ಆವರಣಗಳ ಭಯ ಅಲ್ಲಿಗೆ ಹೋಯಿತು. ಸ್ಕಿಲ್‌ನಲ್ಲಿ ಸಿ ಭಾಷೆಯ ಶೈಲಿಯಲ್ಲೂ ಬರೆಯಬಹುದು. ಆದರೆ ಆಗ ಫಂಕ್ಷನ್ನಿನ ಹೆಸರಿಗೂ ಆವರಣಕ್ಕೂ ನಡುವೆ ಜಾಗ ಬಿಡಬಾರದು.

ನಿಜವಾದ ಬಾಗಿಲು ತೆರೆದದ್ದು ~> ಚಿಹ್ನೆ. ‘ಜಿಇಗೆಟ್‌ಎಡಿಟ್‌ಸೆಲ್‌ವ್ಯೂ’ ಎಂಬ ಫಂಕ್ಷನ್ ಕಣ್ಣೆದುರಿನ ಸರ್ಕ್ಯೂಟನ್ನು ಕೈಗೆ ಕೊಡುತ್ತದೆ. ಅದರ ಮುಂದೆ ~> ಹಾಕಿ ‘ಇನ್‌ಸ್ಟೆನ್ಸಸ್’ ಎಂದರೆ ಅಲ್ಲಿರುವ ಘಟಕಗಳೆಲ್ಲ ಒಂದು ಪಟ್ಟಿಯಾಗಿ ಬರುತ್ತವೆ. ಇನ್ನೊಂದು ~> ಹಾಕಿ ‘ಸೆಲ್‌ನೇಮ್’ ಎಂದರೆ ಆ ಒಂದೊಂದು ಘಟಕವೂ ಯಾವ ಸೆಲ್ಲಿನದು, ಅಂದರೆ ಲೈಬ್ರರಿಯ ಯಾವ ವಿನ್ಯಾಸದ್ದು, ಎಂಬ ಹೆಸರುಗಳು. ಯಾವ ಗುಣಗಳಿವೆ ಎಂದು ತಿಳಿಯದಿದ್ದರೆ ~>? ಸಾಕು, ವಸ್ತುವೇ ತನ್ನ ಗುಣಗಳ ಹೆಸರುಗಳನ್ನು ಒಪ್ಪಿಸುತ್ತದೆ. ಇಷ್ಟು ಮುಕ್ತವಾಗಿ ಉತ್ತರ ಕೊಡುವ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಟ್ರಾನ್ಸಿಸ್ಟರಿನ ಅಗಲ ಕೇಳಿದಾಗ ಸಿಗುವುದು ಸಂಖ್ಯೆಯಲ್ಲ, ‘2ಯು’ (ಅಂದರೆ 2 ಮೈಕ್ರೊಮೀಟರ್) ಎಂಬಂಥ ಅಕ್ಷರಗಳ ಸರಣಿ. ‘ಸಿಡಿಎಫ್‌ಪಾರ್ಸ್‌ಫ್ಲೋಟ್‌ಸ್ಟ್ರಿಂಗ್’ ಅದನ್ನು ಸಂಖ್ಯೆಯಾಗಿಸುತ್ತದೆ. ಆ ಜಾಗದಲ್ಲಿ ಯಾರಾದರೂ ಸಂಖ್ಯೆಯ ಬದಲು ಸೂತ್ರ ಬರೆದಿದ್ದರೆ ಸೂತ್ರವೇ ಹಾಗೇ ಮರಳಿ ಬರುತ್ತದೆ. ಅಂಥವನ್ನು ಬೇರೆ ಪಟ್ಟಿಗೆ ಹಾಕಿ ಕೈಯಿಂದಲೇ ನೋಡುತ್ತೇನೆ. ಒಳಗಿನ ಬ್ಲಾಕುಗಳಿಗೆ ಇಳಿಯುವಾಗಲೂ ಎಚ್ಚರ ಬೇಕು. ಘಟಕದ ‘ಮಾಸ್ಟರ್’ ತೋರಿಸುವುದು ಸಿಂಬಲ್ಲನ್ನು, ಅಂದರೆ ಬ್ಲಾಕಿನ ಹೊರಗಿನ ಚಿಹ್ನೆಯನ್ನು ಮಾತ್ರ. ಅದೇ ಸೆಲ್ಲಿನ ಸ್ಕೀಮ್ಯಾಟಿಕ್ಕನ್ನು, ಅಂದರೆ ಒಳಗಿನ ಸರ್ಕ್ಯೂಟ್ ನಕ್ಷೆಯನ್ನು, ಪ್ರತ್ಯೇಕವಾಗಿ ತೆರೆದು, ಪಟ್ಟಿ ತೆಗೆಯುವ ಫಂಕ್ಷನ್ನನ್ನೇ ಮತ್ತೆ ಕರೆಯಬೇಕು. ತನ್ನನ್ನೇ ಕರೆದುಕೊಳ್ಳುವ ಇಂಥ ಫಂಕ್ಷನ್ನಿಗೆ ಲಿಸ್ಪ್ ವಂಶದ ಭಾಷೆ ಎಷ್ಟು ಒಗ್ಗುತ್ತದೆ ಎಂಬುದು ನನಗೆ ಮನದಟ್ಟಾದದ್ದು ಇಲ್ಲಿ.

ಮೊದಲು ಓದಿ ಎಂದು ನಾನು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಸೆಲ್ ತೆರೆಯುವಾಗ ‘ಆರ್’ ಎಂದರೆ ಓದಲು ಮಾತ್ರ, ‘ಎ’ ಎಂದರೆ ಇರುವುದನ್ನು ತಿದ್ದಲು. ‘ಡಬ್ಲ್ಯೂ’ ಎಂದರೋ ಇದ್ದದ್ದನ್ನು ಅಳಿಸಿ ಹೊಸದಾಗಿ ಬರೆಯಲು. ಕಲಿಯುವವರ ಕೈಗೆ ‘ಆರ್’ ಒಂದೇ ಇದ್ದರೆ ತಂಡದ ತಿಂಗಳುಗಳ ದುಡಿಮೆ ಸುರಕ್ಷಿತ.

ಫಂಕ್ಷನ್ನುಗಳ ಹೆಸರು ಹುಡುಕಲು ಕೈಪಿಡಿಗಿಂತ ಲಾಗ್ ಕಡತವೇ ನನಗೆ ಹೆಚ್ಚು ನೆರವಾಯಿತು. ಮೆನುವಿನಲ್ಲಿ ಏನಾದರೂ ಒತ್ತಿದರೆ ಅದರ ಹಿಂದಿನ ಸ್ಕಿಲ್ ಸಾಲು ಅಲ್ಲಿ ದಾಖಲಾಗುತ್ತದೆ. ಒತ್ತುವುದು, ಓದುವುದು, ಕಮಾಂಡ್ ಕಿಟಕಿಯಲ್ಲಿ ಅದನ್ನೇ ಟೈಪ್ ಮಾಡಿ ನೋಡುವುದು: ಸಂಜೆ ಕಚೇರಿ ಖಾಲಿಯಾದ ಮೇಲೆ ಇದೇ ನನ್ನ ಅಭ್ಯಾಸವಾಗಿತ್ತು.

ತಿದ್ದುವ ಪ್ರೋಗ್ರಾಮ್ ಬರೆದದ್ದು ಇವೆಲ್ಲದರ ನಂತರ, ಅದೂ ಲೈಬ್ರರಿಯ ಪ್ರತಿಯೊಂದರ ಮೇಲೆ. ಅಗಲ ಬದಲಿಸಿದ ಮೇಲೆ ಸರ್ಕ್ಯೂಟನ್ನು ಪರೀಕ್ಷಿಸುವ ‘ಎಸ್‌ಸಿಎಚ್‌ಚೆಕ್’ ಫಂಕ್ಷನ್, ಅದು ದೋಷವಿಲ್ಲವೆಂದರೆ ಮಾತ್ರ ಸೇವ್. ಪಟ್ಟಿ ತೆಗೆಯುವ ಪ್ರೋಗ್ರಾಮನ್ನು ಆರಂಭದ ಕಡತದಲ್ಲೇ ಲೋಡ್ ಮಾಡಿಸಿ ಒಂದು ಕೀಲಿಗೆ ಕಟ್ಟಿದ್ದೇನೆ. ಈಗ ಲೇಔಟ್ ತಂಡದವರೂ ಅದೇ ಕೀಲಿ ಒತ್ತಿ ತಮ್ಮ ಪಟ್ಟಿ ತೆಗೆದುಕೊಳ್ಳುತ್ತಾರೆ.