ಎಕ್ಸ್‌ಟ್ರೆಮದುರಾದಲ್ಲಿ ಗೋಪುರ ನೋಡಲು ಹೋಗಿ ಬಾವಿ ನೋಡಿದೆವು

ಸ್ಪೇನ್ ಅಂದರೆ ಎಲ್ಲರೂ ಬಾರ್ಸಿಲೋನಾ, ಇಲ್ಲವೇ ಗ್ರನಾಡಾ ಅನ್ನುತ್ತಾರೆ. ನಾನು ಮತ್ತು ನನ್ನ ಹೆಂಡತಿ ಪೋರ್ಚುಗಲ್ ಗಡಿಗೆ ಅಂಟಿಕೊಂಡಿರುವ ಎಕ್ಸ್‌ಟ್ರೆಮದುರಾಗೆ ಹೋದೆವು. ಆರು ದಿನ, ಮೂರು ಊರು: ಮೆರಿದಾ, ಕಾಸೆರೆಸ್, ತ್ರುಹಿಯೊ. ಏಪ್ರಿಲ್ ತಿಂಗಳು. ಬೇಸಿಗೆಯ ನಡುವೆ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಲಬುರಗಿ ಬಿಸಿಲಿಗೆ ಒಗ್ಗಿದವರೂ ಆಗ ಹೋಗಬೇಡಿ.

ಮೊದಲು ಮೆರಿದಾ. ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಬಂದೆವು. ಕ್ರಿ.ಪೂ. 25ರಲ್ಲಿ ಚಕ್ರವರ್ತಿ ಆಗಸ್ಟಸ್ ತನ್ನ ನಿವೃತ್ತ ಸೈನಿಕರಿಗಾಗಿ ಮಾಡಿದ ಊರು ಇದು. ಇಲ್ಲಿ ನಾನೇ ಒಂದು ಎಡವಟ್ಟು ಮಾಡಿಕೊಂಡೆ. ರೋಮನ್ ಕಲೆಯ ಮ್ಯೂಸಿಯಮ್ಮಿಗೆ ಸೋಮವಾರ ಇಟ್ಟುಕೊಂಡಿದ್ದೆ. ಸೋಮವಾರ ರಜೆ! ಬಾಗಿಲ ಮುಂದೆ ನಿಂತು ಹಲ್ಲು ಕಿರಿದು, ಎದುರಿನ ರೋಮನ್ ರಂಗಮಂದಿರಕ್ಕೆ ಹೋದೆವು. ಸುಮಾರು 6,000 ಜನ ಕೂರುವ ಜಾಗ. ನೂರಾರು ವರ್ಷ ಮಣ್ಣಿನಡಿ ಹೂತು, ಮೇಲಿನ ಆಸನದ ಸಾಲಿನ ಏಳು ತುಂಡು ಮಾತ್ರ ಹೊರಗೆ ಕಾಣುತ್ತಿತ್ತಂತೆ. ಜನ ಅದನ್ನು 'ಏಳು ಕುರ್ಚಿ' ಅಂತಲೇ ಕರೆಯುತ್ತಿದ್ದರು. 1910ರಲ್ಲಿ ಅಗೆಯಲು ಶುರು ಮಾಡಿದಾಗ ಕೆಳಗಿಂದ ಇಡೀ ರಂಗಮಂದಿರ ಎದ್ದು ಬಂತು. ಈಗಲೂ ಬೇಸಿಗೆಯಲ್ಲಿ ಅಲ್ಲೇ ನಾಟಕ ಆಡುತ್ತಾರೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನದಿ ದಡದ ಅಲ್ಕಸಾಬಾ. ದಂಗೆ ಏಳುತ್ತಲೇ ಇದ್ದ ಈ ಊರನ್ನು ಹದ್ದುಬಸ್ತಿನಲ್ಲಿ ಇಡಲು ಆಗ ಸ್ಪೇನಿನ ಬಹುಭಾಗವನ್ನು ಆಳುತ್ತಿದ್ದ ಕೊರ್ದೊಬಾದ ಅರಬ್ ದೊರೆ ಎರಡನೇ ಅಬ್ದ್ ಅಲ್ ರಹಮಾನ್ 835ರಲ್ಲಿ ಕಟ್ಟಿಸಿದ ಕೋಟೆ. ಒಳಗೆ ಬಯಲು, ಅಂಥದ್ದೇನೂ ಇಲ್ಲ. ನಡುವೆ ಒಂದು ಸಣ್ಣ ಕಟ್ಟಡ. ಒಳಹೊಕ್ಕರೆ ನೆಲದಡಿಗೆ ಇಳಿಯುವ ಎರಡು ಇಳಿಜಾರು ದಾರಿ, ತಳದಲ್ಲಿ ಮಬ್ಬು ಬೆಳಕು, ತಣ್ಣಗಿನ ನೀರು. ಪಕ್ಕದ ಗ್ವಾದಿಯಾನಾ ನದಿಯ ನೀರು ನೆಲದೊಳಗೆ ಜಿನುಗಿ, ಸೋಸಿಕೊಂಡು ಇಲ್ಲಿಗೆ ಬರುತ್ತದೆ. ಶತ್ರು ಹೊರಗೆ ಮುತ್ತಿಗೆ ಹಾಕಿ ಕೂತರೂ ಒಳಗಿನವರಿಗೆ ಬಾಯಾರಿಕೆ ಇಲ್ಲ. ನಾನು ಮೂರು ಸಲ ಇಳಿದು ಹತ್ತಿದೆ.

"ಏನ್ರೀ, ಇಷ್ಟು ದೂರ ಬಂದು ಬಾವಿ ನೋಡೋದಾ?" ಅಂದಳು ಹೆಂಡತಿ.

ಮಂಗಳವಾರ ಬೆಳಿಗ್ಗೆ ಮ್ಯೂಸಿಯಂ ಮುಗಿಸಿ ಬಸ್ಸಿನಲ್ಲಿ ಕಾಸೆರೆಸ್‌ಗೆ ಹೊರಟೆವು, ಒಂದು ಗಂಟೆ ದಾರಿ. ಕೋಟೆಯೊಳಗಿನ ಹಳೇ ಊರು 1986ರಲ್ಲೇ ಯುನೆಸ್ಕೋ ಪಟ್ಟಿ ಸೇರಿದೆ. ಗಾಲಿ ಸೂಟ್‌ಕೇಸ್ ಎಳೆದುಕೊಂಡು ಅದರೊಳಗೆ ಹೋಗಬೇಡಿ, ಗುಂಡುಕಲ್ಲಿನ ಬೀದಿಯಲ್ಲಿ ಕೈಯೂ ಹೋಗುತ್ತದೆ, ಗಾಲಿಯೂ ಹೋಗುತ್ತದೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿಗಳೆಲ್ಲ ಬಾಗಿಲು ಹಾಕಿ ಊರು ಮಲಗುತ್ತದೆ. ನಾವೂ ಮಲಗಿ, ಸಂಜೆ ಸುತ್ತಿದೆವು.

ಊರಲ್ಲಿ ಗೋಪುರಗಳಿಗೆ ಬರವಿಲ್ಲ. ಆದರೆ ಎಷ್ಟೋ ಗೋಪುರಗಳಿಗೆ ತಲೆಯೇ ಇಲ್ಲ! ಶ್ರೀಮಂತ ಮನೆತನದವರು ತಮ್ಮ ತಮ್ಮ ಗೋಪುರದಿಂದ ಒಬ್ಬರ ಮೇಲೊಬ್ಬರು ಕಾದಾಡುತ್ತಿದ್ದರು. ರೇಗಿಹೋದ ರಾಣಿ ಇಸಾಬೆಲ್ ಅವುಗಳ ತುದಿ ಕಡಿಸಿದಳು. ತನ್ನ ಪಕ್ಷದಲ್ಲಿದ್ದವನೊಬ್ಬನದನ್ನು ಮಾತ್ರ ಬಿಟ್ಟಳು. ಅದೇ ಕೊಕ್ಕರೆ ಗೋಪುರ. ಹೆಸರಿಗೆ ತಕ್ಕಂತೆ ಊರಿನ ಮಾಡುಗಳ ಮೇಲೆಲ್ಲ ಕೊಕ್ಕರೆಗಳು ಗೂಡು ಕಟ್ಟಿಕೊಂಡು ಕೊಕ್ಕು ಬಡಿಯುತ್ತಿರುತ್ತವೆ.

ಅಲ್ಲೇ ಹತ್ತಿರ ವೆಲೆತಾಸ್ ಅರಮನೆ, ಈಗ ಮ್ಯೂಸಿಯಂ. ಅದರ ನೆಲಮಾಳಿಗೆಯಲ್ಲಿ ಅರಬರ ಕಾಲದ ನೀರಿನ ತೊಟ್ಟಿ. ಕುದುರೆ ಲಾಳದಂಥ ಕಮಾನುಗಳ ಸಾಲು, ಕೆಳಗೆ ಅಲುಗದ ನೀರು, ನೀರಲ್ಲಿ ಮತ್ತೆ ಅದೇ ಕಮಾನು. ಮೇಲಿನ ಅಂಗಳದ ಮಳೆ ನೀರು ಈಗಲೂ ಇಲ್ಲಿಗೇ ಇಳಿಯುತ್ತದೆ. ನಾವು ಈಗ ಮಳೆಕೊಯ್ಲು ಅಂತ ಕರೆಯುತ್ತೇವಲ್ಲ, ಅದೇ. ನನ್ನನ್ನು ಕೇಳಿದರೆ ಮೇಲಿನ ಮಹಡಿಗೆ ಹತ್ತು ನಿಮಿಷ ಸಾಕು, ಇಲ್ಲಿ ಅರ್ಧ ಗಂಟೆ ನಿಲ್ಲಿ.

ಊಟದ ವಿಷಯ: ಮಾಂಸ ಬೇಡ ಅಂತ ಮೊದಲೇ ಹೇಳಿಬಿಡಿ. ಬ್ರೆಡ್ಡಿನ ಪುಡಿ, ಬೆಳ್ಳುಳ್ಳಿ ಹುರಿದು ಮಾಡುವ ಮಿಗಾಸ್ ಚೆನ್ನಾಗಿರುತ್ತದೆ, ಆದರೆ ಸಾಮಾನ್ಯವಾಗಿ ಹಂದಿ ಮಾಂಸ ಸೇರಿಸಿರುತ್ತಾರೆ. ಅದಕ್ಕೆ ಹಾಕುವ ಲಾ ವೆರಾ ಕಡೆಯ ಮೆಣಸಿನ ಪುಡಿ ಓಕ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ್ದು. ಬಣ್ಣ ನಮ್ಮ ಬ್ಯಾಡಗಿಯದು, ಪರಿಮಳ ಸೌದೆ ಒಲೆಯದು. ಎರಡು ಡಬ್ಬಿ ತಂದೆವು.

ಕೊನೆಗೆ ತ್ರುಹಿಯೊ. ಚೌಕದಲ್ಲಿ ಪಿಸಾರೊ ಕುದುರೆ ಮೇಲೆ ಕೂತಿದ್ದಾನೆ. ಪೆರು ದೇಶದ ಇಂಕಾ ರಾಜ್ಯವನ್ನು ಕೊಳ್ಳೆ ಹೊಡೆದವನು ಈ ಊರಿನವನೇ. ಚೌಕದ ಮೂಲೆಯ ಅರಮನೆ ಆ ಹಣದ್ದೇ. ಮೂಲೆಯ ಬಾಲ್ಕನಿ ಎಷ್ಟು ಚೆಂದವೋ, ನಿಂತು ನೋಡಲು ಅಷ್ಟೇ ಮುಜುಗರ. ಬೇಗ ಬೇಗ ಕೋಟೆಯತ್ತ ಏರಿದೆವು. ಮುಂದೆ ಹೋಗಿದ್ದ ಹೆಂಡತಿ ಒಂದು ತಿರುವಿನಲ್ಲಿ ಕಬ್ಬಿಣದ ಬೇಲಿ ಹಿಡಿದು ಬಗ್ಗಿ ನೋಡುತ್ತಿದ್ದಳು. ಕೆಳಗೆ ಬಂಡೆ ಕಡಿದು ಮಾಡಿದ ಆಳದ ಕೊಳ, ಮೆಟ್ಟಿಲು, ಹಸಿರು ನೀರು.

"ರೀ, ಬೇಗ ಬನ್ನಿ, ಇಲ್ಲೊಂದು ಕಲ್ಯಾಣಿ ಇದೆ!"