ಗೇರ್ ಬದಲಿಸುವಾಗ ಕಾರು ಮುಗ್ಗರಿಸುತ್ತಿದೆಯೇ? ಗೇರ್ ಬಾಕ್ಸ್ ಇಳಿಸುವ ಮೊದಲು ಹೀಗೆ ಪರೀಕ್ಷಿಸಿ

ಎರಡನೇ ಗೇರ್ ಹಾಕಿ ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒತ್ತುತ್ತೀರಿ. ಕಾರು ಒಂದು ಕ್ಷಣ ಮುಗ್ಗರಿಸಿ, ಆಮೇಲೆ ಎಳೆಯುತ್ತದೆ. ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಐ10ನಂತಹ ಸಣ್ಣ ಕಾರುಗಳು ನಾಲ್ಕಾರು ವರ್ಷ ಓಡಿದ ಮೇಲೆ ಈ ದೂರು ಸಾಮಾನ್ಯ. ಗ್ಯಾರೇಜಿನಲ್ಲಿ ಹೇಳಿಕೊಂಡರೆ ಹೆಚ್ಚಾಗಿ ಸಿಗುವ ಉತ್ತರ: ‘ಕ್ಲಚ್ ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು.’ ಹೋಗಿರಲೂಬಹುದು. ಆದರೆ ಸವೆದ ಸ್ಪಾರ್ಕ್ ಪ್ಲಗ್, ಸಡಿಲವಾದ ಎಂಜಿನ್ ಮೌಂಟಿಂಗ್ (ಎಂಜಿನ್ ಕೂರುವ ರಬ್ಬರ್ ಆಧಾರ), ಹಿಗ್ಗಿದ ಕ್ಲಚ್ ಕೇಬಲ್ ಕೂಡ ಚಾಲಕನಿಗೆ ಇಂಥದೇ ಅನುಭವ ಕೊಡುತ್ತವೆ. ಇವನ್ನು ಸರಿಪಡಿಸಲು ಗೇರ್ ಬಾಕ್ಸ್ ಮುಟ್ಟುವ ಅಗತ್ಯವೇ ಇಲ್ಲ.

ಗೇರ್ ಬದಲಿಸುವ ಆ ಒಂದೆರಡು ಸೆಕೆಂಡಿನಲ್ಲಿ ಮೂರು ಕೆಲಸ ನಡೆಯುತ್ತವೆ. ಎಂಜಿನ್ ವೇಗ ಇಳಿದು ಮತ್ತೆ ಏರುತ್ತದೆ, ಕ್ಲಚ್ ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವಿನ ಹಿಡಿತವನ್ನು ಬಿಟ್ಟು ಮತ್ತೆ ಹಿಡಿಯುತ್ತದೆ, ಒಳಗೆ ಗೇರುಗಳ ಜೋಡಿ ಬದಲಾಗುತ್ತದೆ. ತೊಂದರೆ ಈ ಮೂರರಲ್ಲಿ ಎಲ್ಲಿದೆ ಎಂದು ಒಂದೊಂದನ್ನೇ ಬಿಡಿಸಿ ನೋಡಬೇಕು. ಅದಕ್ಕೆ ಒಂದು ಖಾಲಿ ರಸ್ತೆ ಮತ್ತು ಅರ್ಧ ಗಂಟೆ ಬಿಡುವು ಸಾಕು.

ಹಂತ 1: ಪೆಡಲ್ ಕೆಳಗೆ ಬಗ್ಗಿ ನೋಡಿ

ಕ್ಲಚ್ ಪೆಡಲ್ ಪೂರ್ತಿ ಕೆಳಗಿಳಿಯುತ್ತಿದೆಯೇ? ಕಂಪನಿಯ ಮ್ಯಾಟ್ ಮೇಲೆ ಇನ್ನೊಂದು ದಪ್ಪ ರಬ್ಬರ್ ಮ್ಯಾಟ್ ಹಾಸಿದ್ದರೆ ಪೆಡಲ್ ಅದಕ್ಕೆ ತಗುಲಿ ನಿಲ್ಲುತ್ತದೆ. ಆಗ ಕ್ಲಚ್ ಅರೆಬರೆ ಬಿಡುತ್ತದೆ, ಗೇರ್ ಬಿಗಿಯಾಗುತ್ತದೆ. ಮ್ಯಾಟ್ ತೆಗೆದಿಟ್ಟು ಒಮ್ಮೆ ಓಡಿಸಿ.

ಕೇಬಲ್ ಕ್ಲಚ್ ಇರುವ ಕಾರಾದರೆ ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಗಟ್ಟಿಯಾಗುವ ಮೊದಲು ಅದು ಸ್ವಲ್ಪ ದೂರ ಸಲೀಸಾಗಿ ಇಳಿಯಬೇಕು. ಇದನ್ನೇ ಮೆಕ್ಯಾನಿಕ್‌ಗಳು ಫ್ರೀ ಪ್ಲೇ ಎನ್ನುತ್ತಾರೆ. ಎಷ್ಟು ಎಂಬ ಅಳತೆ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಪ್ಲೇಟ್ ಸವೆದಂತೆ ಫ್ರೀ ಪ್ಲೇ ಕಡಿಮೆಯಾಗುತ್ತದೆ. ಅದು ಇಲ್ಲವೇ ಇಲ್ಲ ಎಂದಾದರೆ ಕ್ಲಚ್ ಜಾರತೊಡಗುತ್ತದೆ. ಕೇಬಲ್ ಹಿಗ್ಗಿದರೆ ಫ್ರೀ ಪ್ಲೇ ಹೆಚ್ಚುತ್ತದೆ, ಗೇರ್ ಹಾಕಲು ಕಷ್ಟವಾಗುತ್ತದೆ. ಬಾನೆಟ್ ಎತ್ತಿ ಕೇಬಲ್ ತುದಿಯನ್ನೂ ನೋಡಿ. ಉಕ್ಕಿನ ಎಳೆಗಳು ಒಂದೆರಡು ಬಿಚ್ಚಿ ಹೊರಗೆ ಚಾಚಿದ್ದರೆ ಆ ಕೇಬಲ್ ಯಾವ ದಿನವಾದರೂ ತುಂಡಾಗಬಹುದು. ಚಾರ್ಮಾಡಿಯ ತಿರುವಿನಲ್ಲಿ ತುಂಡಾಗುವ ಬದಲು ಮನೆಯ ಮುಂದೆಯೇ ಬದಲಾಗಲಿ.

ಕೇಬಲ್ ಬದಲು ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್‌ಗೆ ಬೇರೆ ಪರೀಕ್ಷೆ. ಪೆಡಲನ್ನು ನಾಲ್ಕೈದು ಸಲ ಬೇಗಬೇಗ ಒತ್ತಿ ಗೇರ್ ಹಾಕಿ. ಆಗ ಸಲೀಸಾಗಿ ಬಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಫ್ಲೂಯಿಡ್ ಸೋರುತ್ತಿದೆ ಎಂದರ್ಥ. ಪ್ಲೇಟಿನ ಮೇಲೆ ಆರೋಪ ಹೊರಿಸುವ ಮೊದಲು ಇದನ್ನು ಸರಿಪಡಿಸಿ.

ಹಂತ 2: ಎಂಜಿನ್ ಬಂದ್ ಮಾಡಿ ಗೇರ್ ಹಾಕಿ

ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಬಂದ್ ಮಾಡಿ, ಕ್ಲಚ್ ಒತ್ತಿ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಆಮೇಲೆ ಎಂಜಿನ್ ಚಾಲೂ ಮಾಡಿ ಅದನ್ನೇ ಮಾಡಿ. ಬಂದ್ ಇದ್ದಾಗ ಸಲೀಸು, ಚಾಲೂ ಇದ್ದಾಗ ಬಿಗಿ ಎಂದಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಎರಡೂ ಸಲ ಬಿಗಿಯಾಗಿದ್ದರೆ ಗೇರ್ ಲಿವರಿನಿಂದ ಗೇರ್ ಬಾಕ್ಸ್‌ಗೆ ಹೋಗುವ ಕೇಬಲ್ ಅಥವಾ ಲಿಂಕೇಜ್ ನೋಡಬೇಕು. ಅಲ್ಲಿನ ಪುಟ್ಟ ಬುಷ್ ಸವೆದರೂ ಲಿವರ್ ಅಡ್ಡಾದಿಡ್ಡಿ ಆಡುತ್ತದೆ.

ರಿವರ್ಸ್ ಗೇರ್ ಇಲ್ಲಿ ಒಳ್ಳೆಯ ಸಾಕ್ಷಿ. ಬಹುತೇಕ ಸಣ್ಣ ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೊನೈಸರ್ (ಗೇರುಗಳ ವೇಗ ಹೊಂದಿಸಿ ಸದ್ದಿಲ್ಲದೆ ಕೂಡಿಸುವ ಭಾಗ) ಇರುವುದಿಲ್ಲ. ಎಂಜಿನ್ ಚಾಲೂ ಇಟ್ಟು, ಕ್ಲಚ್ ಪೂರ್ತಿ ಒತ್ತಿ, ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕಿ. ಅಷ್ಟು ಕಾದ ಮೇಲೂ ಕರಕರ ಸದ್ದು ಬಂದರೆ ಕ್ಲಚ್ ಬಿಡುತ್ತಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಹಂತ 3: ಗೇರ್ ಬದಲಿಸದೆಯೇ ಓಡಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಇದನ್ನು ಮಾಡುವವರು ಕಡಿಮೆ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುತ್ತಾ, ಕ್ಲಚ್ ಮುಟ್ಟದೆ ಆಕ್ಸಿಲರೇಟರ್ ಒತ್ತಿ. ಕಾರು ಇಲ್ಲೂ ಮುಗ್ಗರಿಸಿದರೆ ತೊಂದರೆ ಗೇರಿನದ್ದೂ ಅಲ್ಲ, ಕ್ಲಚ್ಚಿನದ್ದೂ ಅಲ್ಲ. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ, ಅಂದರೆ ಒಳಗೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಗೇರ್ ಬದಲಿಸಿದ ತಕ್ಷಣ ಎಂಜಿನ್ ಮೇಲೆ ಭಾರ ಬೀಳುವುದರಿಂದ ಅದು ಆ ಹೊತ್ತಿಗೇ ಎದ್ದು ಕಾಣುತ್ತಿತ್ತು, ಅಷ್ಟೇ.

ಹಾಗಾದರೆ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಥ್ರಾಟಲ್ ಬಾಡಿ, ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಈ ಕ್ರಮದಲ್ಲಿ ನೋಡಿಸಿ. ಅಗ್ಗದ್ದು ಮೊದಲು, ದುಬಾರಿಯದ್ದು ಆಮೇಲೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದಾಗ ಪಿ0301 ಎಂಬ ಕೋಡ್ ಬಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಪ್ರತಿ ಪ್ಲಗ್‌ಗೂ ಪ್ರತ್ಯೇಕ ಕಾಯಿಲ್ ಇರುವ ಎಂಜಿನ್‌ಗಳಲ್ಲಿ ಒಂದು ಮತ್ತು ಎರಡನೇ ಸಿಲಿಂಡರ್‌ಗಳ ಕಾಯಿಲ್ ಅದಲುಬದಲು ಮಾಡಿಸಿ, ಕೋಡ್ ಅಳಿಸಿ, ಮತ್ತೆ ಓಡಿಸಿ. ಈಗ ಪಿ0302 ಬಂದರೆ ತಪ್ಪು ಆ ಕಾಯಿಲ್‌ದೇ. ಹೊಸ ಬಿಡಿಭಾಗಕ್ಕೆ ಒಂದು ರೂಪಾಯಿಯೂ ಖರ್ಚಾಗದೆ ಕಾರಣ ಸಿಕ್ಕಿತು.

ಸಿಎನ್‌ಜಿ ಕಿಟ್ ಇದ್ದರೆ ಪೆಟ್ರೋಲಿಗೆ ಬದಲಿಸಿ ನೋಡಿ. ಅನಿಲ ಹೊತ್ತಿಕೊಳ್ಳಲು ಹೆಚ್ಚು ಬಲವಾದ ಕಿಡಿ ಬೇಕು. ಹಾಗಾಗಿ ಸವೆದ ಪ್ಲಗ್, ದುರ್ಬಲ ಕಾಯಿಲ್ ಮೊದಲು ಸಿಎನ್‌ಜಿಯಲ್ಲೇ ತೊಂದರೆ ಕೊಡುತ್ತವೆ. ಇನ್ನು ಎಂಜಿನ್ ಚಿತ್ರದ ಹಳದಿ ದೀಪ ಮಿನುಗುತ್ತಿದ್ದರೆ ಪರೀಕ್ಷೆ ಸಾಕು, ನಿಧಾನಕ್ಕೆ ಗ್ಯಾರೇಜಿಗೆ ಒಯ್ಯಿರಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆಯನ್ನು ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ.

ಹಂತ 4: ಕ್ಲಚ್ ಜಾರುತ್ತಿದೆಯೇ?

ನಾಲ್ಕನೇ ಗೇರಿನಲ್ಲಿ 40–50 ಕಿ.ಮೀ. ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರಿ, ಕಾರಿನ ವೇಗ ಮಾತ್ರ ಅದರ ಹಿಂದೆ ಹೋಗದಿದ್ದರೆ ಪ್ಲೇಟ್ ಜಾರುತ್ತಿದೆ. ಸುಟ್ಟ ವಾಸನೆ ಬಂದರೆ ಇನ್ನೂ ಖಚಿತ. ಟ್ಯಾಕೊಮೀಟರ್ ಇಲ್ಲದ ಕಾರಿನಲ್ಲಿ ಎಂಜಿನ್ ಸದ್ದನ್ನು ಕೇಳಿದರೆ ಸಾಕು. ಬೆಂಗಳೂರಿನ ಸಿಗ್ನಲ್‌ಗಳಲ್ಲಿ, ಘಾಟಿಯ ಏರಿನಲ್ಲಿ ಹಾಫ್ ಕ್ಲಚ್‌ನಲ್ಲೇ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ ಇದ್ದವರ ಕಾರು ಬೇಗ ಈ ಸ್ಥಿತಿಗೆ ಬರುತ್ತದೆ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಳಸಿ.

ಜಾರುತ್ತಿಲ್ಲ, ಆದರೆ ನಿಂತ ಕಾರು ಹೊರಡುವಾಗ ಗಡಗಡ ನಡುಗುತ್ತದೆಯೇ? ಒಬ್ಬರು ಬ್ರೇಕ್ ಒತ್ತಿ ಹಿಡಿದು ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಒಂದಿಷ್ಟೇ ಬಿಡಲಿ. ನೀವು ಕಾರಿನ ಪಕ್ಕಕ್ಕೆ ನಿಂತು, ಮುಂದೆ ಬಾರದೆ, ತೆರೆದ ಬಾನೆಟ್‌ನೊಳಗೆ ನೋಡಿ. ಎಂಜಿನ್ ಎದ್ದು ಕುಕ್ಕರಿಸುವಂತೆ ಹೊಯ್ದಾಡಿದರೆ ಮೌಂಟಿಂಗ್ ರಬ್ಬರ್ ಹರಿದಿದೆ.

ಹಂತ 5: ಒಂದೇ ಗೇರಿನ ಹಟ

ಬೇರೆಲ್ಲ ಸರಿಯಿದ್ದು ಎರಡನೆಯದೋ ಮೂರನೆಯದೋ ಒಂದೇ ಗೇರ್ ಅಡ್ಡಗಾಲು ಹಾಕುತ್ತಿದ್ದರೆ ಡಬಲ್ ಕ್ಲಚ್ ಮಾಡಿ: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಮತ್ತೆ ಒತ್ತಿ ಆ ಗೇರ್ ಹಾಕಿ. ಆಗ ಸದ್ದಿಲ್ಲದೆ ಬಿದ್ದರೆ ಆ ಗೇರಿನ ಸಿಂಕ್ರೊನೈಸರ್ ಸವೆದಿದೆ. ಕೊಡಗು, ಚಿಕ್ಕಮಗಳೂರಿನ ಚಳಿಗಾಲದ ಬೆಳಿಗ್ಗೆ ಮಾತ್ರ ಹೀಗಾಗಿ, ಸ್ವಲ್ಪ ದೂರ ಓಡಿದ ಮೇಲೆ ಸರಿಹೋದರೆ ಗಾಬರಿ ಬೇಡ. ಗೇರ್ ಆಯಿಲ್ ತಣ್ಣಗಿದ್ದಾಗ ಗಟ್ಟಿಯಾಗಿರುತ್ತದೆ. ಆಯಿಲ್ ಬದಲಿಸುವುದಾದರೆ ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಹಾಕಿಸಿ. ‘ಇನ್ನೂ ದಪ್ಪದ್ದು ಹಾಕಿದರೆ ಸ್ಮೂತ್ ಆಗುತ್ತದೆ’ ಎಂಬ ಮಾತನ್ನು ಕೇಳಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ಕ್ಲಚ್ಚೇ ಎಂದಾದರೆ ಗೇರ್ ಬಾಕ್ಸ್ ಇಳಿಯಲೇಬೇಕು. ಅದರಲ್ಲಿ ಕೂಲಿಯೇ ದೊಡ್ಡದು. ಆದ್ದರಿಂದ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ, ಹಳೆಯದನ್ನು ಕೇಳಿ ಪಡೆಯಿರಿ. ಹಳೆ ಪ್ಲೇಟಿನ ಮೇಲೆ ಎಣ್ಣೆಯ ಜಿಡ್ಡು ಕಂಡರೆ ಎಂಜಿನ್ ಹಿಂಭಾಗದ ಆಯಿಲ್ ಸೀಲ್ ಸೋರುತ್ತಿರಬಹುದು. ಅದನ್ನು ಬದಲಿಸದೆ ಹೊಸ ಪ್ಲೇಟ್ ಕೂರಿಸಲು ಬಿಡಬೇಡಿ. ಹೊಸದರ ಮೇಲೂ ಅದೇ ಎಣ್ಣೆ ಬೀಳುತ್ತದೆ.